ಎಷ್ಟು ಎಳೆಯುತ್ತೆ ಅಂತ ಮಾತ್ರ ಕೇಳಿ ಕೆಟ್ಟೆವು

ಪಿಕಪ್ ಟ್ರಕ್ಕಿಗೆ ಮನೆಯಂಥ ಟ್ರೈಲರ್ ಕಟ್ಟಿಕೊಂಡು ಅಮೆರಿಕ ಸುತ್ತುವ ಆಸೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಮಗೆ ಹೇಳುವವರು ಯಾರೂ ಇರಲಿಲ್ಲ. ಇದ್ದರೂ ಆಗ ಕೇಳುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು.

ನಾನು, ಹೆಂಡತಿ, ಆರು ವರ್ಷದ ಮಗಳು. ಡಲ್ಲಾಸ್‌ನ ಮನೆ ಬಾಡಿಗೆಗೆ ಕೊಟ್ಟು ಒಂದು ವರ್ಷ ರಸ್ತೆ ಮೇಲೇ ಇರೋಣ ಅಂತ ಹೊರಟವರು. ಇಬ್ಬರದ್ದೂ ಲ್ಯಾಪ್‌ಟಾಪ್ ಕೆಲಸ, ಎಲ್ಲಿ ಕೂತರೂ ನಡೆಯುತ್ತೆ. ಮುಕ್ಕಾಲು ಟನ್ನಿನ ಡೀಸೆಲ್ ಟ್ರಕ್ ಮೊದಲೇ ಇತ್ತು (ಅರ್ಧ, ಮುಕ್ಕಾಲು, ಒಂದು ಟನ್ ಅನ್ನುವುದು ಇಲ್ಲಿ ಟ್ರಕ್ಕಿನ ವರ್ಗದ ಹೆಸರು, ನಿಜವಾದ ತೂಕವಲ್ಲ). ಹಿಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಹೆವಿ ಡ್ಯೂಟಿ’ ಅಂತ ಬರೆದಿದೆ. ಆ ಎರಡು ಪದ ನಂಬಿಯೇ ನಾನು ಅರ್ಧ ಕೆಟ್ಟಿದ್ದು.

ಫೆಬ್ರವರಿಯಲ್ಲಿ 2018ರ ಮಾಡೆಲ್‌ನ ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಟ್ರೈಲರ್ ನೋಡಿದೆವು. ಫಿಫ್ತ್ ವೀಲ್ ಅಂದರೆ ಬಂಪರಿಗೆ ಕಟ್ಟುವುದಲ್ಲ. ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ, ಆಕ್ಸಲ್ ಮೇಲೆಯೇ ಹಿಚ್ (ಕೊಂಡಿ) ಕೂರಿಸಿರುತ್ತಾರೆ. ಟ್ರೈಲರಿನ ಕತ್ತು ಬಂದು ಅದರ ಮೇಲೆ ಕೂರುತ್ತೆ. ಬೆಲೆ 52,000 ಡಾಲರ್. ಸೇಲ್ಸ್‌ಮನ್ ಕಾಗದ ತೋರಿಸಿದ: ‘ಟ್ರೈಲರ್ 11,200 ಪೌಂಡ್. ನಿಮ್ಮ ಟ್ರಕ್ 15,000 ಎಳೆಯುತ್ತೆ. ಇನ್ನೇನು ಯೋಚನೆ?’ ಅವನು ಹೇಳಿದ್ದು ಸುಳ್ಳಲ್ಲ. ಹೇಳದೇ ಬಿಟ್ಟಿದ್ದೇ ಜಾಸ್ತಿ.

ಕಟ್ಟಿದ ದಿನವೇ ಟ್ರಕ್ಕಿನ ಹಿಂಭಾಗ ಕುಸಿದು ಮೂತಿ ಮೇಲೆದ್ದಿತು. ನಮ್ಮ ಮಂಡ್ಯ ಕಡೆ ಕಬ್ಬು ತುಂಬಿದ ಟ್ರಾಕ್ಟರ್ ನೋಡಿದ್ದೀರಲ್ಲ, ಹಾಗೆ. ರಾತ್ರಿ ಎದುರಿಂದ ಬರುವವರೆಲ್ಲ ನನಗೆ ಲೈಟ್ ಹೊಡೆಯುತ್ತಿದ್ದರು, ನಾನು ಡಿಮ್ಮಲ್ಲೇ ಇದ್ದರೂ. ಅಂಗಡಿಗೆ ವಾಪಸ್ ಹೋದೆ. ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್ (ಗಾಳಿ ತುಂಬುವ ರಬ್ಬರ್ ಚೀಲ) ಹಾಕಿ 900 ಡಾಲರ್ ತೆಗೆದುಕೊಂಡರು. ಟ್ರಕ್ ಸಪಾಟಾಯಿತು, ನಾನು ಖುಷಿಯಾದೆ. ಏರ್‌ಬ್ಯಾಗ್ ಹಾಕಿದರೆ ಟ್ರಕ್ ನೇರ ನಿಲ್ಲುತ್ತೆ ಅಷ್ಟೇ, ಹೊರುವ ಶಕ್ತಿ ಒಂದು ಪೌಂಡೂ ಹೆಚ್ಚಲ್ಲ. ಕಣ್ಣಿಗೆ ಕಾಣುತ್ತಿದ್ದ ತೊಂದರೆಯನ್ನು ದುಡ್ಡು ಕೊಟ್ಟು ಮುಚ್ಚಿಸಿಕೊಂಡಂತಾಯಿತು.

ಜೂನ್‌ನಲ್ಲಿ ಡೆನ್ವರ್‌ನಿಂದ ಮೋಆಬ್ ಕಡೆ ಐ-70ರಲ್ಲಿ ಹೊರಟೆವು. ಐಸೆನ್‌ಹೋವರ್ ಸುರಂಗ 11,000 ಅಡಿಗಿಂತ ಎತ್ತರದಲ್ಲಿದೆ. ಹತ್ತುವಾಗ ಏನೂ ಗೊತ್ತಾಗಲಿಲ್ಲ, ಡೀಸೆಲ್ ಅಲ್ವಾ, ಗುಂಯ್ ಅಂತ ಹತ್ತಿತು. ಸುರಂಗದಿಂದ ಪಶ್ಚಿಮಕ್ಕೆ ಹೊರಬಂದ ಮೇಲೆ ಸಿಲ್ವರ್‌ಥಾರ್ನ್ ಊರಿನವರೆಗೆ ಮೈಲಿಗಟ್ಟಲೆ ಇಳಿಜಾರು. ಇಂಜಿನ್ನಿನಿಂದಲೇ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕ್ ಅಂತ ಒಂದು ಬಟನ್ ಇರುವುದೇ ನನಗೆ ನೆನಪಿರಲಿಲ್ಲ. ಕಾಲು ಬ್ರೇಕ್ ಮೇಲೇ ಇತ್ತು. ಮೂರನೇ ತಿರುವಿಗೆ ಪೆಡಲ್ ಮೆತ್ತಗಾಯಿತು. ಸುಟ್ಟ ವಾಸನೆ ಬಂತು. ಹಿಂದೆ ಕೂತ ಮಗಳು ‘ಅಪ್ಪ, ಏನೋ ಸೀದು ಹೋಗ್ತಿದೆ’ ಅಂದಳು.

ಬ್ರೇಕ್ ಫೇಲಾದ ಲಾರಿಗಳು ನುಗ್ಗಿ ನಿಲ್ಲಲಿ ಅಂತ ಆ ದಾರಿಯಲ್ಲಿ ಪಕ್ಕಕ್ಕೆ ಜಲ್ಲಿ ಸುರಿದ ಏರುದಾರಿ ಮಾಡಿದ್ದಾರೆ. ಅದರ ಬೋರ್ಡ್ ಕಂಡಾಗ ಹೆಂಡತಿ ನನ್ನ ಮುಖ ನೋಡಿದಳು. ಮಾತಾಡಲಿಲ್ಲ. ನಾನು ಹೇಗೋ ಗೇರ್ ಇಳಿಸಿದೆ, ಇಂಜಿನ್ ಕಿರುಚಿಕೊಂಡಿತು, ವೇಗ ತಗ್ಗಿತು. ಕೆಳಗೆ ನಿಲ್ಲಿಸಿದಾಗ ಮುಂದಿನ ಚಕ್ರದಿಂದ ಹೊಗೆ ಬರುತ್ತಿತ್ತು. ಗೇರ್ ಇಳಿಸಬೇಕಾದ್ದು ಇಳಿಜಾರು ಶುರುವಾಗುವ ಮೊದಲು. ಅದನ್ನು ಕಲಿತದ್ದು ಆವತ್ತು.

ಅಷ್ಟಾದರೂ ತಪ್ಪು ನನ್ನ ಡ್ರೈವಿಂಗಿನದ್ದು ಅಂತಲೇ ಅಂದುಕೊಂಡಿದ್ದೆ.

ಜುಲೈನಲ್ಲಿ ಡಲ್ಲಾಸ್ ಕಡೆ ಬರುವಾಗ ನ್ಯೂ ಮೆಕ್ಸಿಕೋದ ಟುಕುಮ್‌ಕೇರಿ ಹತ್ತಿರ, ಐ-40ರಲ್ಲಿ, ಸುಡುಬಿಸಿಲಲ್ಲಿ ಟ್ರೈಲರಿನ ಟೈರ್ ಸಿಡಿಯಿತು. ಸಿಡಿದ ರಬ್ಬರ್ ಕೆಳಗಿನ ನೀರಿನ ಪೈಪನ್ನೂ ಹರಿದುಹಾಕಿತು. ಟೈರಿನ ಪಕ್ಕದಲ್ಲಿ ಡಾಟ್ (DOT) ನಂಬರು, ಅಂದರೆ ತಯಾರಿಕೆಯ ಗುರುತು ಇರುತ್ತೆ, ಅದರ ಕೊನೆಗೆ 1418 ಅಂತಿತ್ತು. 2018ರ ಹದಿನಾಲ್ಕನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಟೈರಿನ ಮೇಲಿನ ಗೀರು ಹೊಸದರಂತೆ ಇತ್ತು, ಹಾಗಾಗಿ ನಾನು ಆ ಕಡೆ ನೋಡಿರಲೇ ಇಲ್ಲ. ನಿಂತಲ್ಲೇ ನಿಲ್ಲುವ ಟ್ರೈಲರಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತೆ.

ಸಹಾಯಕ್ಕೆ ಲಾರಿ ನಿಲ್ಲಿಸಿದವರು ಒಬ್ಬ ಸರ್ದಾರ್‌ಜಿ. ಟೈರ್ ನೋಡಿದರು. ಆಮೇಲೆ ಟ್ರಕ್ಕಿನ ಹಿಂಭಾಗವನ್ನು ಜಾಸ್ತಿ ಹೊತ್ತು ನೋಡಿದರು. ‘ಭಾಯಿ ಸಾಬ್, ಕಾಂಟಾ ಕಿಯಾ?’ ಅಂದರು. ತೂಕ ಹಾಕಿಸಿದ್ದೀರಾ ಅಂತ. ಇಲ್ಲ ಅಂದೆ. ಅವರು ತಲೆ ಅಲ್ಲಾಡಿಸಿದ ರೀತಿ ಇನ್ನೂ ಕಣ್ಣಮುಂದಿದೆ.

ಮಾರನೇ ದಿನ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ಗೆ ಹೋದೆ. ನಮ್ಮ ಸಕ್ಕರೆ ಕಾರ್ಖಾನೆ ಮುಂದಿನ ಕಾಟಾ ತರಹವೇ, ಆದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್, ಮೂರನ್ನೂ ಬೇರೆ ಬೇರೆ ತೋರಿಸುತ್ತೆ. ಹೋಟೆಲ್ ತಿಂಡಿಯ ಖರ್ಚು ಅಷ್ಟೇ. ಚೀಟಿ ಬಂತು: ಮುಂದೆ 4,620, ಹಿಂದೆ 6,640, ಟ್ರೈಲರಿನ ಚಕ್ರಗಳ ಮೇಲೆ 10,980. ಟ್ರಕ್ಕಿನ ಮೇಲಷ್ಟೇ 11,260 ಪೌಂಡ್. ನನ್ನ ಟ್ರಕ್ಕು ತನ್ನ ತೂಕವೂ ಸೇರಿ ಹೊರಬಹುದಾದ ಮಿತಿ 10,000. ಅಂದರೆ 1,260 ಪೌಂಡ್, ಹೆಚ್ಚುಕಡಿಮೆ 570 ಕಿಲೋ, ಜಾಸ್ತಿ ಹೊತ್ತುಕೊಂಡು ಆ ಗುಡ್ಡ ಇಳಿದಿದ್ದೆ.

ಆಮೇಲೆ ಡ್ರೈವರ್ ಬಾಗಿಲು ತೆಗೆದು ಒಳಗಿನ ಹಳದಿ ಸ್ಟಿಕ್ಕರ್ ಓದಿದೆ. ಎರಡು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೇನೆ. ಜನ ಮತ್ತು ಸಾಮಾನು ಸೇರಿ 2,130 ಪೌಂಡ್ ಮೀರಬಾರದು ಅಂತ ಬರೆದಿದೆ. ಅದೇ ಪೇಲೋಡ್. ಡೀಸೆಲ್ ಇಂಜಿನ್ನೇ ಭಾರ, ಅದು ತಿಂದು ಉಳಿದದ್ದು ಇಷ್ಟು. ಅದರಲ್ಲಿ ನಾವು ಮೂವರು, ಹಿಚ್ಚು, ಟೂಲ್ ಬಾಕ್ಸ್ ಸೇರಿ 605. ಟ್ರಕ್ಕಿನ ಮೇಲೆ ಕೂರುವ ಟ್ರೈಲರಿನ ಕತ್ತಿನ ಭಾರ 2,785, ಅದೂ ಈ ಲೆಕ್ಕಕ್ಕೇ ಸೇರುತ್ತೆ. ಕಾಗದದಲ್ಲಿ ಅದು 1,900 ಅಂತಿತ್ತು, ಏಕೆಂದರೆ ಅದು ಖಾಲಿ ಟ್ರೈಲರಿನ ಲೆಕ್ಕ. ನೀರಿಲ್ಲ, ಬಟ್ಟೆಯಿಲ್ಲ, ಪಾತ್ರೆಯಿಲ್ಲ. ನಮ್ಮದರಲ್ಲಿ ಇಡ್ಲಿ ಗ್ರೈಂಡರ್ರೇ ಇತ್ತು. ಐವತ್ತು ಗ್ಯಾಲನ್ ನೀರು ಒಂದೇ 400 ಪೌಂಡ್ ದಾಟುತ್ತೆ.

ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿದೆ. ಟ್ರಕ್ ಗೊತ್ತಿಲ್ಲದಿದ್ದರೂ ಎತ್ತಿನ ಗಾಡಿ ಗೊತ್ತಲ್ಲ. ‘ಎಷ್ಟು ಎಳೀತದೆ ಅಂತ ಕೇಳ್ದೆ, ನೊಗುದ್ ಮೇಲೆ ಎಷ್ಟು ಬೀಳ್ತದೆ ಅಂತ ಕೇಳ್ನಿಲ್ವಾ ಮಗ?’ ಅಂದರು. ಅರವತ್ತು ಪುಟದ ಮ್ಯಾನುಯಲ್ ಒಂದು ಸಾಲಿನಲ್ಲಿ ಮುಗಿಯಿತು.

ಗ್ರೈಂಡರ್ ಇಳಿಸಿದರೆ ಸರಿಹೋಗುವ ಲೆಕ್ಕ ಅದಲ್ಲ. ಒಂದು ಟನ್ನಿನ, ಹಿಂದೆ ನಾಲ್ಕು ಚಕ್ರದ ಟ್ರಕ್ ಕೊಳ್ಳಬೇಕು, ಇಲ್ಲಾ ಟ್ರೈಲರ್ ಬಿಡಬೇಕು. ಸೆಪ್ಟೆಂಬರ್‌ನಲ್ಲಿ ಮಾರಿದೆವು. 33,000 ಬಂತು. ಕೊಂಡ ಅಂಗಡಿಯವರು ಅಷ್ಟೂ ಕೊಡಲು ತಯಾರಿರಲಿಲ್ಲ, ಬೇರೆ ಕಡೆ ಹೋದೆವು.

ನೀವು ಮಾಡಬೇಕಾದ್ದು ಇಷ್ಟು. ಟ್ರೈಲರ್ ನೋಡುವ ಮೊದಲೇ ಟ್ರಕ್ಕಿನಲ್ಲಿ ಮನೆಯವರನ್ನೆಲ್ಲ ಕೂರಿಸಿ, ಡೀಸೆಲ್ ತುಂಬಿಸಿ, ಹಿಚ್ ಹಾಕಿ ತೂಗಿಸಿ. ಟ್ರಕ್ಕಿನ ಮಿತಿಯಿಂದ ಅದನ್ನು ಕಳೆಯಿರಿ. ಉಳಿದದ್ದೇ ಟ್ರೈಲರಿನ ಕತ್ತಿಗೆ ಸಿಗುವ ಜಾಗ. ಫಿಫ್ತ್ ವೀಲ್ ಆದರೆ ಟ್ರೈಲರಿನ ತುಂಬಿದ ತೂಕದ ಶೇ. 20ರಿಂದ 25, ಬಂಪರಿಗೆ ಕಟ್ಟುವುದಾದರೆ ಶೇ. 10ರಿಂದ 15 ಹಿಡಿಯಿರಿ. ಖಾಲಿ ತೂಕದ ಕಾಗದ ತೋರಿಸಿದರೆ ನೋಡಲೇ ಬೇಡಿ. ಹಿಂದಿನ ಆಕ್ಸಲ್ಲಿಗೂ ಬೇರೆ ಮಿತಿ ಇರುತ್ತೆ, ಅದನ್ನೂ ಬಾಗಿಲ ಬಳಿಯೇ ಬರೆದಿರುತ್ತಾರೆ.

ಹೋದ ವಾರ ನ್ಯೂಜೆರ್ಸಿಯ ಗೆಳೆಯ ಫೋನ್ ಮಾಡಿದ್ದ. ಅರ್ಧ ಟನ್ನಿನ ಟ್ರಕ್, ಮೂರು ಮಕ್ಕಳು, ಮೂವತ್ತೆರಡು ಅಡಿ ಟ್ರೈಲರ್, ಮರುದಿನ ಅಡ್ವಾನ್ಸ್. ಬಾಗಿಲು ತೆಗೆದು ಸ್ಟಿಕ್ಕರ್ ಫೋಟೋ ಕಳಿಸು ಅಂದೆ. 1,480 ಪೌಂಡ್. ಸ್ವಲ್ಪ ಹೊತ್ತು ಇಬ್ಬರೂ ಸುಮ್ನೆ ಇದ್ದೆವು. ಅಡ್ವಾನ್ಸ್ ಮುಂದಕ್ಕೆ ಹಾಕಿದ್ದಾನೆ, ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಕಾಟಾಕ್ಕೆ ಹೋಗುತ್ತಾನಂತೆ.