ಜಾತಕದಲ್ಲಿ ರವಿ-ಚಂದ್ರ: ರಾಶಿ ಎಣಿಸುವುದೋ, ಅಂತರ ಅಳೆಯುವುದೋ?

ರವಿ-ಚಂದ್ರರ ಸಂಬಂಧ ನೋಡಲು ಮೂರು ದಾರಿಗಳು ಬಳಕೆಯಲ್ಲಿವೆ. ರವಿಯಿಂದ ಚಂದ್ರ ಎಷ್ಟನೇ ರಾಶಿಯಲ್ಲಿದ್ದಾನೆ ಎಂದು ಎಣಿಸುವುದು ಒಂದು. ಪಾಶ್ಚಾತ್ಯ ಪದ್ಧತಿಯ ಹಾಗೆ 60, 90, 120, 180 ಡಿಗ್ರಿಗಳ ದೃಷ್ಟಿ (ಒಬ್ಬರ ಮೇಲೊಬ್ಬರ ನೋಟ) ಹುಡುಕುವುದು ಇನ್ನೊಂದು. ಇಬ್ಬರ ಅಂತರವನ್ನು ಅಳೆದು ತಿಥಿಯಾಗಿ ಓದುವುದು ಮೂರನೆಯದು. ಒಂದೇ ಜಾತಕಕ್ಕೆ ಮೂರನ್ನೂ ಹಚ್ಚಿ ನೋಡಿದರೆ ಅಲುಗಾಡದೆ ನಿಲ್ಲುವುದು ತಿಥಿ ಮಾತ್ರ. ನಾನು ಮೊದಲು ನೋಡುವುದೂ ಅದನ್ನೇ.

ರಾಶಿ ಎಣಿಕೆಯಷ್ಟು ಸುಲಭವಾದದ್ದು ಬೇರೆ ಇಲ್ಲ. ಕುಂಡಲಿ ಕಣ್ಣ ಮುಂದಿದ್ದರೆ ಸಾಕು, ಬೆರಳಲ್ಲೇ ಎಣಿಸಬಹುದು. ತೊಂದರೆ ಇರುವುದು ಎರಡು ರಾಶಿಗಳು ಸೇರುವ ಗಡಿಯಲ್ಲಿ, ಅಂದರೆ ರಾಶಿಸಂಧಿಯಲ್ಲಿ. ಲಾಹಿರಿ ಅಯನಾಂಶದಲ್ಲಿ (ಅಯನಾಂಶ ಎಂದರೆ ನಕ್ಷತ್ರಾಧಾರಿತ ರಾಶಿಚಕ್ರಕ್ಕೆ ತರಲು ಗ್ರಹಸ್ಥಾನದಿಂದ ಕಳೆಯುವ ಡಿಗ್ರಿ) ಚಂದ್ರ ಮೇಷ 28°50', ರವಿ ವೃಷಭ 2°10' ಇದೆ ಎನ್ನಿ. ರಾಶಿ ಎಣಿಸಿದವರಿಗೆ ಇದು ದ್ವಿದ್ವಾದಶ, ಅಂದರೆ ಒಬ್ಬರಿಂದ ಇನ್ನೊಬ್ಬರು 2ನೇ ಮತ್ತು 12ನೇ ರಾಶಿಯಲ್ಲಿ. ಆತ್ಮಕಾರಕ ರವಿ ಒಂದು ಕಡೆ, ಮನಃಕಾರಕ ಚಂದ್ರ ಇನ್ನೊಂದು ಕಡೆ, ಇಬ್ಬರಿಗೂ ಹೊಂದಾಣಿಕೆ ಇಲ್ಲ ಎಂದು ಫಲ ಹೇಳಿಬಿಡುತ್ತಾರೆ. ಆದರೆ ಇಬ್ಬರ ನಡುವೆ ಇರುವುದು ಬರೀ 3°20'.

ಇದೇ ಜಾತಕವನ್ನು ರಾಮನ್ ಅಯನಾಂಶಕ್ಕೆ ಹಾಕಿ. ಎರಡು ಅಯನಾಂಶಗಳಿಗೆ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿರುವುದರಿಂದ ಚಂದ್ರ ಸಂಧಿ ದಾಟಿ ವೃಷಭಕ್ಕೆ ಬರುತ್ತಾನೆ. ದ್ವಿದ್ವಾದಶ ಮಾಯವಾಗಿ ಏಕರಾಶಿ ಯುತಿಯಾಗುತ್ತದೆ. ಸಾಯನದಲ್ಲಿ, ಅಂದರೆ ಅಯನಾಂಶ ಕಳೆಯದೆ, ನೋಡಿದರೂ ಇಬ್ಬರೂ ವೃಷಭದಲ್ಲೇ, ಇಪ್ಪತ್ತರ ಆಚಿನ ಡಿಗ್ರಿಗಳಲ್ಲಿ ಇರುತ್ತಾರೆ. ಆಕಾಶದಲ್ಲಿ ಯಾವುದೂ ಕದಲಿಲ್ಲ, ಫಲ ಮಾತ್ರ ತಿರುಗುಮುರುಗಾಯಿತು. ತಿಥಿ ಲೆಕ್ಕದಲ್ಲಾದರೋ ಮೂರರಲ್ಲೂ ಒಂದೇ ಉತ್ತರ: ರವಿಯಿಂದ ಮುಂದಕ್ಕೆ ಚಂದ್ರನವರೆಗೆ ಅಂತರ 356°40', ಅಮಾವಾಸ್ಯೆ, ಕ್ಷೀಣಚಂದ್ರ. ಅಯನಾಂಶ ಎಷ್ಟೇ ಇರಲಿ, ಇಬ್ಬರ ಸ್ಫುಟದಿಂದಲೂ (ಡಿಗ್ರಿಯಲ್ಲಿನ ನಿಖರ ಸ್ಥಾನ) ಅಷ್ಟೇ ಕಳೆಯುವುದರಿಂದ ಅಂತರ ಬದಲಾಗುವುದಿಲ್ಲ.

ಲೆಕ್ಕ ಮಾಡುವುದು ಹೀಗೆ. ಇಬ್ಬರ ಸ್ಫುಟವನ್ನೂ ಮೇಷದ ಆರಂಭದಿಂದ ಡಿಗ್ರಿಗಳಲ್ಲಿ ಬರೆಯಿರಿ. ರವಿ ಸಿಂಹ 12°20' ಎಂದರೆ 132°20'. ಚಂದ್ರ ವೃಶ್ಚಿಕ 20°50' ಎಂದರೆ 230°50'. ಚಂದ್ರನಿಂದ ರವಿಯನ್ನು ಕಳೆಯಿರಿ: 98°30'. ಚಂದ್ರನ ಅಂಕಿ ಚಿಕ್ಕದಾಗಿದ್ದರೆ ಮೊದಲು 360 ಕೂಡಿಸಿಕೊಳ್ಳಬೇಕು. ಅನೇಕರು ತಪ್ಪುವುದು ಇಲ್ಲೇ, ರವಿಯಿಂದ ಚಂದ್ರನನ್ನು ಕಳೆದು ಕೃಷ್ಣಪಕ್ಷವನ್ನು ಶುಕ್ಲವಾಗಿಸುತ್ತಾರೆ. ಒಂದು ತಿಥಿಗೆ 12 ಡಿಗ್ರಿ, ಆದ್ದರಿಂದ ಬಂದದ್ದನ್ನು 12ರಿಂದ ಭಾಗಿಸಿ. ಎಂಟು ತಿಥಿ ಮುಗಿದು ಒಂಬತ್ತನೆಯದು ನಡೆಯುತ್ತಿದೆ, ಅಂದರೆ ಶುಕ್ಲ ನವಮಿ. ಅದೇ ಅಂತರವನ್ನು 3ರಿಂದ ಭಾಗಿಸಿದರೆ ಷಡ್ಬಲದ (ಗ್ರಹಬಲ ಅಳೆಯುವ ಲೆಕ್ಕ) ಪಕ್ಷಬಲವೂ, ಅಂದರೆ ಪಕ್ಷದಿಂದ ಚಂದ್ರನಿಗೆ ಬರುವ ಬಲವೂ, ಸಿಕ್ಕಿತು: 60 ಷಷ್ಟ್ಯಂಶಗಳಲ್ಲಿ ಸುಮಾರು 32.8. ಅಂತರ 180 ಮೀರಿದ್ದರೆ 360ರಿಂದ ಕಳೆದು ಆಮೇಲೆ ಭಾಗಿಸಬೇಕು.

ಇದೇ ಜಾತಕವನ್ನು ಡಿಗ್ರಿ ದೃಷ್ಟಿಯವರ ಕೈಗೆ ಕೊಡಿ. 90ರಿಂದ ಎಂಟೂವರೆ ಡಿಗ್ರಿ ಆಚೆ ಇದೆ. ಹತ್ತು ಡಿಗ್ರಿ ಸಡಿಲ ಕೊಡುವವರಿಗೆ ಇದು ಸಂಘರ್ಷದ ದೃಷ್ಟಿ. ಆರೇ ಡಿಗ್ರಿ ಕೊಡುವವರಿಗೆ ಸಂಬಂಧವೇ ಇಲ್ಲ. ಪರಾಶರ ಪದ್ಧತಿಯಲ್ಲಿ ರವಿ-ಚಂದ್ರರಿಗೆ ಪೂರ್ಣದೃಷ್ಟಿ ಏಳನೆಯದೊಂದೇ. ಅಲ್ಲದೆ ತಾತ್ಕಾಲಿಕ ಮೈತ್ರಿಯಲ್ಲಿ (ಆ ಜಾತಕದಲ್ಲಿ ಕೂತ ಸ್ಥಾನದಿಂದ ಬರುವ ಸ್ನೇಹ) 2, 3, 4, 10, 11, 12ನೇ ಸ್ಥಾನದವರು ಮಿತ್ರರು. ನಿಸರ್ಗವಾಗಿಯೂ ಮಿತ್ರರೇ ಆಗಿರುವುದರಿಂದ 4-10ರಲ್ಲಿರುವ (ಸುಮಾರು 90 ಡಿಗ್ರಿ) ರವಿ-ಚಂದ್ರರು ಅಧಿಮಿತ್ರರು, ಅಂದರೆ ಗಾಢ ಮಿತ್ರರಾಗುತ್ತಾರೆ. ಪಾಶ್ಚಾತ್ಯರು ಸಾಮರಸ್ಯ ಎನ್ನುವ 5-9ರಲ್ಲಿದ್ದರೆ ತಾತ್ಕಾಲಿಕ ಶತ್ರುತ್ವ ಸೇರಿ ಬರೀ ಸಮರು, ಮಿತ್ರರೂ ಅಲ್ಲ, ಶತ್ರುಗಳೂ ಅಲ್ಲ. ಎರಡು ಪದ್ಧತಿಗಳೂ ತಮ್ಮ ತಮ್ಮ ಮನೆಯಲ್ಲಿ ಸರಿ. ಒಂದೇ ಫಲದಲ್ಲಿ ಎರಡನ್ನೂ ಕಲಸಿದರೆ ಒಂದು ಮಾತು ಇನ್ನೊಂದನ್ನು ಹೊಡೆದುಹಾಕುತ್ತದೆ. ದಯವಿಟ್ಟು ಕಲಸಬೇಡಿ.

ಮೈತ್ರಿಗೆ ಮಾತ್ರ ರಾಶಿ ಎಣಿಕೆ ಬೇಕೇ ಬೇಕು, ಅಲ್ಲಿ ತಿಥಿ ನೆರವಾಗುವುದಿಲ್ಲ. ಸಂಧಿಯಿಂದ ಎರಡು ಡಿಗ್ರಿ ಒಳಗೆ ಇಬ್ಬರಲ್ಲಿ ಯಾರಾದರೂ ಇದ್ದರೆ ಮೈತ್ರಿಯ ಮೇಲೆ ಭಾರ ಹಾಕದಿರುವುದು ನನ್ನ ರೂಢಿ.

ಜನ್ಮಸಮಯ ಖಚಿತವಿಲ್ಲದವರಿಗೂ ತಿಥಿಯೇ ಅನುಕೂಲ. ಚಂದ್ರ ರವಿಗಿಂತ ಗಂಟೆಗೆ ಸುಮಾರು ಅರ್ಧ ಡಿಗ್ರಿಯಷ್ಟೇ ಮುಂದೆ ಹೋಗುತ್ತಾನೆ. ಎರಡು ಗಂಟೆ ತಪ್ಪಿದರೂ ಅಂತರ ಕೆಡುವುದು ಒಂದು ಡಿಗ್ರಿ. ಕಾಗದ-ಪೆನ್ನು ಇಟ್ಟುಕೊಂಡೇ ಲೆಕ್ಕ ಮಾಡುವ ನನ್ನಂಥವರಿಗೆ ಪಂಚಾಂಗವೊಂದು ಸಾಕು, ತಂತ್ರಾಂಶಕ್ಕೆಂದು ದುಡ್ಡು ಸುರಿಯಬೇಕಿಲ್ಲ. ನೂರಾರು ಜಾತಕಗಳನ್ನು ಒಟ್ಟಿಗೆ ನೋಡುವವರು ತಂತ್ರಾಂಶ ಕೊಳ್ಳಲಿ, ಆದರೆ ಚಂದ್ರಸ್ಫುಟ ಭೂಕೇಂದ್ರದ್ದೋ ಸ್ಥಳೀಯ ವೀಕ್ಷಕನದ್ದೋ ಎಂಬ ಆಯ್ಕೆಯನ್ನು ಒಮ್ಮೆ ನೋಡಿಕೊಳ್ಳಲಿ. ಲಂಬನದಿಂದ (ನೋಡುವ ಜಾಗ ಬದಲಾದಾಗ ಕಾಣುವ ಸ್ಥಾನ ಸರಿಯುವುದು) ಚಂದ್ರ ಒಂದು ಡಿಗ್ರಿಯವರೆಗೂ ಸರಿದಿರಬಹುದು.

ಪಂಚಾಂಗದಿಂದ ತಿಥಿ ತೆಗೆಯುವಾಗ ಆ ದಿನದ ಸಾಲಿನಲ್ಲಿ ಅಚ್ಚಾದ ಹೆಸರನ್ನು ಹಾಗೇ ಬರೆದುಕೊಳ್ಳಬೇಡಿ. ಅದು ಸೂರ್ಯೋದಯದ ತಿಥಿ. ಪಕ್ಕದಲ್ಲೇ ತಿಥಿ ಮುಗಿಯುವ ಸಮಯವಿರುತ್ತದೆ. ಜನನ ಅದಕ್ಕಿಂತ ತಡವಾಗಿದ್ದರೆ ಮುಂದಿನ ತಿಥಿ ಹಿಡಿಯಬೇಕು. ಹಳೆಯ ಸೂತ್ರಗಳ ಮೇಲೆ ನಡೆಯುವ ವಾಕ್ಯ ಪಂಚಾಂಗಕ್ಕೂ ಆಕಾಶದ ವೀಕ್ಷಣೆಗೆ ಹೊಂದಿಸಿದ ದೃಗ್ಗಣಿತಕ್ಕೂ ಈ ಸಮಯದಲ್ಲಿ ಕೆಲವೊಮ್ಮೆ ಗಂಟೆಗಳ ವ್ಯತ್ಯಾಸ ಬರುತ್ತದೆ. ಜನನ ಆ ಎರಡು ಸಮಯಗಳ ನಡುವೆ ಬಿದ್ದಿದ್ದರೆ ದೃಗ್ಗಣಿತದ ಸ್ಫುಟ ಹಿಡಿದು ಮೇಲೆ ಹೇಳಿದ ಕಳೆಯುವ ಲೆಕ್ಕವನ್ನೇ ಮಾಡಿ.