ಮಾರ್ಕೇಸಸ್‌ನಲ್ಲಿ ಮೊದಲ ಲಂಗರು: ಅಟುವೋನಾವೋ, ತಾಯೊಹೇಯೋ?

ಗಲಾಪಗೋಸ್ ದ್ವೀಪಗಳನ್ನು ಬಿಟ್ಟು ಪಶ್ಚಿಮಕ್ಕೆ ಹೊರಟ ಹಾಯಿದೋಣಿಗೆ ಸುಮಾರು 3,000 ನಾಟಿಕಲ್ ಮೈಲಿಗಳ ತನಕ ನೀರಲ್ಲದೆ ಬೇರೇನೂ ಎದುರಾಗುವುದಿಲ್ಲ. ಆಮೇಲೆ ಸಿಗುವ ಮೊದಲ ನೆಲ ಫ್ರೆಂಚ್ ಪಾಲಿನೇಷ್ಯಾಕ್ಕೆ ಸೇರಿದ ಮಾರ್ಕೇಸಸ್ ದ್ವೀಪಗಳು. ಹೊರದೇಶದಿಂದ ಬಂದ ದೋಣಿ ಅಲ್ಲಿ ಕಂಡ ಕೊಲ್ಲಿಯಲ್ಲೆಲ್ಲ ನಿಲ್ಲುವಂತಿಲ್ಲವಾದ್ದರಿಂದ, ಪ್ರವೇಶದ ಕಾಗದಪತ್ರ ಮುಗಿಸಲು ಹೆಚ್ಚಿನವರು ಹಿವಾ ಓವಾ ದ್ವೀಪದ ಅಟುವೋನಾಕ್ಕೆ ಇಲ್ಲವೇ ನುಕು ಹಿವಾ ದ್ವೀಪದ ತಾಯೊಹೇಗೆ ಹೋಗುತ್ತಾರೆ. 2016ರಲ್ಲಿ ನಾವು ಮೂವರು 23 ದಿನಗಳ ಯಾನದ ಕೊನೆಗೆ ಅಟುವೋನಾ ತಲುಪಿದೆವು. 2019ರಲ್ಲಿ ಅದೇ 11 ಮೀಟರಿನ ದೋಣಿಯಲ್ಲಿ ನಾನು ಮತ್ತು ನನ್ನ ಸ್ನೇಹಿತ ಇಬ್ಬರೇ ತಾಯೊಹೇಯಲ್ಲಿ ಇಳಿದೆವು.

ನಕ್ಷೆಯನ್ನು ಹರಡಿ ನೋಡಿದವರಿಗೆ ಅಟುವೋನಾ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದಲೂ ಆಗ್ನೇಯದಿಂದಲೂ ಬೀಸುತ್ತವೆ, ಹಿವಾ ಓವಾ ಇರುವುದು ಅದೇ ಆಗ್ನೇಯದ ಕಡೆಗೆ. ಆದ್ದರಿಂದ ಅಲ್ಲಿ ಮೊದಲು ಇಳಿದವರು ಪಕ್ಕದ ತಹುವಾಟಾ, ಅನಂತರ 80 ಮೈಲಿ ಚಿಲ್ಲರೆ ದೂರದ ನುಕು ಹಿವಾ ಎಂದು ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಆರಾಮವಾಗಿ ಮುಂದುವರಿಯಬಹುದು. ನಾವೂ ಮೊದಲ ಸಲ ಇದೇ ಲೆಕ್ಕ ಹಾಕಿದ್ದೆವು, ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೂರು ವಾರ ಸರಿಯಾಗಿ ನಿದ್ದೆಯಿಲ್ಲದೆ ಬಂದವರ ಕೈಕಾಲುಗಳ ಸ್ಥಿತಿ ನಕ್ಷೆಯಲ್ಲಿ ಕಾಣುವುದಿಲ್ಲ.

ಅಟುವೋನಾ ಊರಿನ ಮುಂದೆ ದೋಣಿಗಳು ನಿಲ್ಲುವುದಿಲ್ಲ. ಊರಿನಿಂದ ಸುಮಾರು ಮೂರು ಕಿಲೋಮೀಟರ್ ರಸ್ತೆಯಾಚೆಗಿನ ತಹೌಕು ಎಂಬ ಕಿರಿದಾದ ಕೊಲ್ಲಿಯಲ್ಲಿ ನಿಲ್ಲುತ್ತವೆ. ಮಾರ್ಕೇಸಸ್‌ಗೆ ತಾಹಿತಿಯಂತೆ ಸುತ್ತಲೂ ಹವಳದ ದಿಬ್ಬದ ಕಾವಲಿಲ್ಲ. ದಕ್ಷಿಣ ಸಾಗರದ ದೂರದ ಬಿರುಗಾಳಿಗಳಲ್ಲಿ ಹುಟ್ಟಿದ ಉಬ್ಬಲೆ ಯಾರ ಅಡ್ಡಿಯೂ ಇಲ್ಲದೆ ಕೊಲ್ಲಿಯೊಳಗೆ ನುಗ್ಗುತ್ತದೆ, ಅಲ್ಲಿರುವ ಅಲೆತಡೆ ಗೋಡೆ ಅದನ್ನು ಅರ್ಧದಷ್ಟೇ ತಡೆಯುತ್ತದೆ. ಅದರ ಮೇಲೆ ಸರಕು ಹಡಗು ಬಂದಾಗ ತಿರುಗಲು ಜಾಗ ಬಿಡಬೇಕಾಗುವುದರಿಂದ ಉಳಿದ ಜಾಗದಲ್ಲಿ ದೋಣಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಗಾಳಿಗೆ ತಕ್ಕಂತೆ ಸುತ್ತಲು ಯಾವ ದೋಣಿಗೂ ಎಡೆಯಿಲ್ಲ; ಹೀಗಾಗಿ ಮುಂದೊಂದು, ಹಿಂದೊಂದು ಎಂದು ಎರಡು ಲಂಗರು ಹಾಕಿ ದೋಣಿಯ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು ನಿಲ್ಲಿಸಬೇಕು. ಕತ್ತಲಲ್ಲಿ ಒಳಗೆ ಹೋಗುವ ಧೈರ್ಯವಾಗದೆ ನಾವು ಇಡೀ ರಾತ್ರಿ ಹೊರಗೇ ಕಾದೆವು. ಬೆಳಗ್ಗೆ ಒಳಗೆ ಬಂದ ಮೇಲೆ, ಒಬ್ಬ ಚುಕ್ಕಾಣಿಯಲ್ಲಿ, ಒಬ್ಬ ಮುಂದಿನ ಸರಪಳಿಯ ಬಳಿ, ಮತ್ತೊಬ್ಬ ಡಿಂಗಿ ಎಂಬ ಪುಟ್ಟ ದೋಣಿಯಲ್ಲಿ ಹಿಂದಿನ ಲಂಗರನ್ನು ಒಯ್ಯುತ್ತಾ, ಮೂವರಿದ್ದೂ ಎರಡು ಗಂಟೆ ಹೆಣಗಿದೆವು. ಮರುದಿನ ಸುರಿದ ಮಳೆಗೆ ಹೊಳೆಯ ಕೆಂಪು ನೀರು ಬಂದು ಕೊಲ್ಲಿಯೆಲ್ಲ ರಾಡಿಯಾಯಿತು, ಹಿಂದಿನ ಲಂಗರು ಜಾರಿತು, ಮತ್ತೆ ಮೊದಲಿನಿಂದ ಎಲ್ಲವನ್ನೂ ಮಾಡಬೇಕಾಯಿತು.

ತಾಯೊಹೇಯ ಅನುಭವವೇ ಬೇರೆ. ಅದು ಹಳೆಯ ಜ್ವಾಲಾಮುಖಿಯೊಂದರ ಕುಸಿದ ಬಾಯಿ. ಮೂರು ಕಡೆ ಹಸಿರು ಗೋಡೆಯಂತೆ ಎದ್ದ ಬೆಟ್ಟ, ದಕ್ಷಿಣಕ್ಕೆ ಅಗಲವಾದ ಬಾಗಿಲು, ಬಾಗಿಲ ಎರಡೂ ಬದಿಗೆ ಕಾವಲುಗಾರರೆಂದೇ ಹೆಸರಾದ ಎರಡು ಬಂಡೆಗಳು. ಹತ್ತಾರು ದೋಣಿಗಳು ನಿಂತ ಮೇಲೂ ಇನ್ನಷ್ಟಕ್ಕೆ ಜಾಗ ಉಳಿಯುತ್ತದೆ. ನಾವಿಬ್ಬರೂ ಒಂದೇ ಲಂಗರು ಇಳಿಸಿ, ಸರಪಳಿಯನ್ನು ಧಾರಾಳವಾಗಿ ಬಿಟ್ಟು, ಅರ್ಧ ಗಂಟೆಯೊಳಗೆ ಮಲಗಿದ್ದೆವು. ಉಬ್ಬಲೆಯ ಕಾಟ ಇಲ್ಲಿಯೂ ಇದೆ, ಕೆಲವು ರಾತ್ರಿ ದೋಣಿ ತೊಟ್ಟಿಲಿನಂತೆ ಅತ್ತಿತ್ತ ಹೊರಳುತ್ತದೆ. ಆದರೆ ಪಕ್ಕದ ದೋಣಿಗೆ ಬಡಿಯುವೆವೇನೋ ಎಂಬ ಭಯವಿಲ್ಲದ ಹೊರಳಾಟವನ್ನು ದೇಹ ಬೇಗ ಒಪ್ಪಿಕೊಳ್ಳುತ್ತದೆ. ಡಿಂಗಿಯಲ್ಲಿ ದಡಕ್ಕೆ ಹೋದರೆ ಅಂಗಡಿ, ಠಾಣೆ ಎಲ್ಲವೂ ನಡೆದುಹೋಗುವ ದೂರದಲ್ಲಿವೆ. ಮೀನುಗಾರರು ಕಟ್ಟೆಯ ಬಳಿ ಮೀನು ಹಸನು ಮಾಡುವಾಗ ಶಾರ್ಕ್‌ಗಳು ಬಂದು ಸೇರುತ್ತವೆ. ಏಣಿ ಹತ್ತುವಾಗ ಅವುಗಳ ಮೇಲೆ ಕಣ್ಣಿರಲಿ.

ಕಾಗದಪತ್ರದ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ. ಎರಡೂ ಕಡೆ, ಪ್ರವೇಶದ ಕಾಗದಪತ್ರ ಇನ್ನೂ ಬಾಕಿಯಿದೆ ಎಂದು ಸೂಚಿಸುವ ಹಳದಿ ಬಾವುಟ ಏರಿಸಿಕೊಂಡು ಬಂದು ಫ್ರೆಂಚ್ ಪೊಲೀಸರ ಮುಂದೆ ಹಾಜರಾಗಬೇಕು. ಭಾರತೀಯ ಪಾಸ್‌ಪೋರ್ಟ್ ಉಳ್ಳವರು ಒಂದನ್ನು ನೆನಪಿಡಬೇಕು: ಯುರೋಪಿನ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ, ಫ್ರೆಂಚ್ ಪಾಲಿನೇಷ್ಯಾಕ್ಕೆಂದೇ ಕೊಟ್ಟ ವೀಸಾ ಬೇಕು, ಅದನ್ನು ಹೊರಡುವ ಮೊದಲೇ ಪಡೆದಿರಬೇಕು. ಮಾರ್ಕೇಸಸ್‌ನ ಗಡಿಯಾರ ನಮ್ಮದಕ್ಕಿಂತ ಸರಿಯಾಗಿ 15 ಗಂಟೆ ಹಿಂದೆ. ರಾತ್ರಿ ಒಂಬತ್ತಕ್ಕೆ ಅಲ್ಲಿಂದ ಫೋನ್ ಮಾಡಿದಾಗ ಕುಮಟಾದಲ್ಲಿ ಅಮ್ಮ ಮರುದಿನ ಮಧ್ಯಾಹ್ನದ ಊಟಕ್ಕೆ ಎಲೆ ಹಾಕುತ್ತಿದ್ದರು.

ಅಟುವೋನಾ ಗೆಲ್ಲುವ ಅಂಶಗಳೂ ಇವೆ. ವಿಮಾನ ನಿಲ್ದಾಣ ಊರಿಗೆ ಹತ್ತಿರವಿರುವುದರಿಂದ ಅಲ್ಲಿ ಯಾನದ ಸಂಗಾತಿಗಳನ್ನು ಬದಲಾಯಿಸುವುದು ಸುಲಭ. ನುಕು ಹಿವಾದ ನಿಲ್ದಾಣ ದ್ವೀಪದ ಇನ್ನೊಂದು ತುದಿಯಲ್ಲಿ, ಬೆಟ್ಟದಾಚೆಗಿದೆ. ಅಟುವೋನಾ ಊರ ಮೇಲಿನ ಸ್ಮಶಾನದಲ್ಲಿ 1903ರಲ್ಲಿ ತೀರಿಕೊಂಡ ಚಿತ್ರಕಾರ ಪಾಲ್ ಗೊಗ್ಯಾನ್ ಅವರ ಸಮಾಧಿಯಿದೆ. ಅಲ್ಲಿಗೆ ಹತ್ತುವ ದಾರಿಯಲ್ಲಿ ನಮ್ಮ ಕರಾವಳಿಯ ದೀವಿಹಲಸಿನ ಮರಗಳನ್ನು ಕಂಡು ನಾನು ನಿಂತುಬಿಟ್ಟೆ. ಆ ಮರದ ತವರು ಪೆಸಿಫಿಕ್ ಎಂದು ಗೊತ್ತಿದ್ದರೂ ಕಣ್ಣಾರೆ ಕಂಡ ಸಂತೋಷವೇ ಬೇರೆ. ಚಕ್ಕೋತ ಹಣ್ಣಂತೂ ಎರಡೂ ದ್ವೀಪಗಳಲ್ಲಿ ಸಿಗುತ್ತದೆ, ಅಷ್ಟು ಸಿಹಿಯಾದುದನ್ನು ನಾನು ಬೇರೆಲ್ಲಿಯೂ ತಿಂದಿಲ್ಲ.

ತಾಯೊಹೇಯನ್ನು ಆರಿಸಿದ್ದಕ್ಕೆ ನಾವು ತೆತ್ತ ಬೆಲೆ ಫಾಟು ಹಿವಾ ದ್ವೀಪ. 2016ರಲ್ಲಿ ಹಿವಾ ಓವಾದಿಂದ ಹೊರಟು ಸುಮಾರು 45 ಮೈಲಿ ಏರುಗಾಳಿಗೆ ಹಾಯಿ ಬಿಗಿದು ಒಂದೇ ಹಗಲಿನಲ್ಲಿ ಅಲ್ಲಿಯ ಹನವಾವೆ ಕೊಲ್ಲಿ ಸೇರಿ, ಸಂಜೆಯ ಬೆಳಕಿನಲ್ಲಿ ಅದರ ಕಲ್ಲುಕಂಬಗಳನ್ನು ನೋಡಿದ್ದೆವು. 2019ರಲ್ಲಿ ನುಕು ಹಿವಾದಿಂದ ಅದೇ ಕೊಲ್ಲಿಗೆ 130 ಮೈಲಿಯಷ್ಟು ದೂರ, ಬಹುಪಾಲು ಗಾಳಿಗೆ ಎದುರಾಗಿ. ಹತ್ತು ಗಂಟೆ ಹೋರಾಡಿ ದೋಣಿಯನ್ನು ಹಿಂದಕ್ಕೆ ತಿರುಗಿಸಿದೆವು. ಮೂವರೋ ನಾಲ್ವರೋ ಇದ್ದು ಹಗಲಿನಲ್ಲಿ ತಲುಪುವ ಭರವಸೆಯಿದ್ದರೆ ಆ ಒಂದು ಕೊಲ್ಲಿಗಾಗಿಯಾದರೂ ಅಟುವೋನಾಕ್ಕೆ ಹೋಗಿ ಎನ್ನುತ್ತೇನೆ. ಇಬ್ಬರೇ ಇದ್ದರೆ ಮತ್ತೊಮ್ಮೆಯೂ ನಾನು ತಾಯೊಹೇಗೇ ಹೋಗುತ್ತೇನೆ.