ಶಾಲೆಗೆ ಔಷಧಿ ಹೊಡೆಸುತ್ತೀರಾ? ಆ್ಯಪ್‌ನ ಹಸಿರು ಟಿಕ್ ನಂಬಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರು, ಶಾಲೆ ನಡೆಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜಿರಳೆ, ಇಲಿ, ಗೆದ್ದಲಿಗೆ ಅಂತ ನಿಮ್ಮ ಶಾಲೆ ಯಾವುದೋ ಕಂಪನಿಗೆ ವರ್ಷದ ಗುತ್ತಿಗೆ ಕೊಟ್ಟಿರಬಹುದು. ಅವರು "ಎಲ್ಲಾ ಆ್ಯಪ್‌ನಲ್ಲೇ ಬರುತ್ತೆ, ನೀವು ತಲೆ ಕೆಡಿಸ್ಕೋಬೇಡಿ" ಅಂದಿದ್ದರೆ ಇವತ್ತೇ ಆ ಆ್ಯಪ್ ತೆಗೆಸಿ, ಮೇ ತಿಂಗಳ ದಾಖಲೆ ನೋಡಿ. ಮೇ ತಿಂಗಳೇ ಯಾಕೆ ಅನ್ನೋದು ಮುಂದೆ ತಿಳಿಯುತ್ತದೆ.

ನನ್ನ ಮಗಳು ಧಾರವಾಡದ ಒಂದು ಖಾಸಗಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ನಾನು ಪಾಲಕರ ಸಮಿತಿಯಲ್ಲಿದ್ದೇನೆ. ಶಾಲೆಯ ಹೆಸರನ್ನೂ ಕಂಪನಿಯ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಹೆಸರಿಗಿಂತ ಈ ಮೋಸ ನಡೆಯುವ ರೀತಿ ನಿಮಗೆ ಗೊತ್ತಾಗಬೇಕು.

ಗುತ್ತಿಗೆ ಮಾಡಿಕೊಂಡಾಗ ಕಂಪನಿಯವರು ಪ್ರತಿ ಕೋಣೆಯ ಬಾಗಿಲ ಮೇಲೂ ಒಂದು ಕ್ಯೂಆರ್ ಸ್ಟಿಕ್ಕರ್ ಅಂಟಿಸಿದರು. ಅವರ ಹುಡುಗ ಬಂದು ಸ್ಕ್ಯಾನ್ ಮಾಡಿದರೆ ಆ ಕೋಣೆಯ ಮುಂದೆ ಹಸಿರು ಟಿಕ್ ಬೀಳುತ್ತದೆ. ತಿಂಗಳಿಗೊಂದು ಶನಿವಾರ, ಮಧ್ಯಾಹ್ನ ಮಕ್ಕಳು ಮನೆಗೆ ಹೋದ ಮೇಲೆ ಔಷಧಿ ಹೊಡೆಯುವುದು, ಸೋಮವಾರದ ಹೊತ್ತಿಗೆ ಗಾಳಿ ಆಡಿ ಎಲ್ಲಾ ಸರಿ ಇರುತ್ತದೆ ಎಂಬುದು ಮಾತು. ಪಾಲಕರ ಸಭೆಯಲ್ಲಿ ಆ ಟಿಕ್‌ಗಳನ್ನು ಪರದೆಯ ಮೇಲೆ ತೋರಿಸಿದರು. ಎಲ್ಲರಿಗೂ ಸಮಾಧಾನ ಆಯಿತು.

ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದು ಒಂದು ಶನಿವಾರ ಮಳೆ ರಜೆ ಬಂತು. ಅವತ್ತಿನ ಕೆಲಸ ತಪ್ಪಿತು. ಶಾಲೆಯವರು ಫೋನ್ ಮಾಡಿದರೆ ಕಂಪನಿಯವರು ಸೋಮವಾರ ಸಂಜೆ ಬರುತ್ತೇವೆ ಅಂದರು. ಬಂದದ್ದು ಸೋಮವಾರ ಬೆಳಿಗ್ಗೆ, ಪ್ರಾರ್ಥನೆಗೆ ಸ್ವಲ್ಪ ಮುಂಚೆ. ಪಂಪು ಬೆನ್ನಿಗೆ ಹಾಕಿಕೊಂಡು ಸಾಲಾಗಿ ಎಲ್ಲಾ ಕ್ಲಾಸಿಗೂ ಹೊಡೆದು ಹೋದರು. ಇರಚಲು ಬಡಿಯುತ್ತದೆ ಅಂತ ಕಿಟಕಿಗಳೆಲ್ಲಾ ಮುಚ್ಚಿದ್ದವು. ಮಕ್ಕಳು ಬಂದು ಆ ಹಸಿ ಬೆಂಚಿನ ಮೇಲೇ ಕೂತರು.

ಎರಡನೇ ಪಿರಿಯಡ್ ಮುಗಿಯುವುದರೊಳಗೆ ಕಣ್ಣುರಿ, ಕೆಮ್ಮು ಶುರುವಾಯಿತು. ಕೆಲವರು ವಾಂತಿ ಮಾಡಿಕೊಂಡರು. ದಮ್ಮು ಇರುವ ಒಬ್ಬ ಹುಡುಗನಿಗೆ ಉಸಿರು ಹಿಡಿದು ಆಸ್ಪತ್ರೆಗೆ ಒಯ್ಯಬೇಕಾಯಿತು. ನನ್ನ ಮಗಳು ಡೆಸ್ಕಿನ ಮೇಲೆ ಕೈ ಮಡಚಿಟ್ಟು ತಲೆ ಇಟ್ಟು ಮಲಗಿದ್ದಳಂತೆ. ಮೊಣಕೈವರೆಗೆ ಎರಡೂ ಕೈ ಕೆಂಪಗೆ ದದ್ದು ಎದ್ದಿತ್ತು, ಒಂದು ಕೆನ್ನೆ ಸಹ. ಡೆಸ್ಕಿಗೆ ಎಲ್ಲೆಲ್ಲಿ ತಾಗಿತ್ತೋ ಅಲ್ಲಲ್ಲೇ. ಎಲ್ಲಾ ಮಕ್ಕಳೂ ಚೇತರಿಸಿಕೊಂಡರು, ಆ ಹುಡುಗನೂ ಆರಾಮ ಇದ್ದಾನೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, "ಯಾವ ಔಷಧಿ ಹೊಡೆದಿದ್ದಾರೆ?" ಆ ಪ್ರಶ್ನೆಗೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಟೀಚರ್ ಕಂಪನಿಗೆ ಫೋನ್ ಮಾಡಿದರೆ, "ಜನರಲ್ ಸ್ಪ್ರೇ ಮೇಡಂ, ಹರ್ಬಲ್, ಏನೂ ಆಗಲ್ಲ" ಅಂತ ಇಟ್ಟುಬಿಟ್ಟರು. ಡಾಕ್ಟರ್ ಆ ಪ್ರಶ್ನೆಯನ್ನು ಸುಮ್ನೆ ಕೇಳಿದ್ದಲ್ಲ. ಆರ್ಗನೋಫಾಸ್ಫೇಟ್ ಗುಂಪಿನ ವಿಷವಾದರೆ ಅಟ್ರೋಪಿನ್ ಎಂಬ ಪ್ರತಿಮದ್ದು ಇದೆ. ಸೈಪರ್‌ಮೆಥ್ರಿನ್‌ನಂಥ, ಪೈರಿಥ್ರಾಯ್ಡ್ ಎಂಬ ಇನ್ನೊಂದು ಗುಂಪಿನ ಕೀಟನಾಶಕಗಳಿಗೆ ಅಂಥ ಪ್ರತಿಮದ್ದು ಇಲ್ಲ, ಲಕ್ಷಣ ನೋಡಿಕೊಂಡೇ ಚಿಕಿತ್ಸೆ ಕೊಡಬೇಕು. ಹೆಸರು ಗೊತ್ತಿಲ್ಲದಿದ್ದರೆ ಡಾಕ್ಟರ್ ಲಕ್ಷಣಗಳ ಮೇಲೆ ಅಂದಾಜು ಮಾಡಬೇಕು. ನಿಮ್ಮ ಮಗು ಅಲ್ಲಿ ಮಲಗಿರುವಾಗ ಆ ಅಂದಾಜಿನ ಹೊತ್ತು ಎಷ್ಟು ಉದ್ದ ಅನಿಸುತ್ತದೆ, ಹೇಳತೀರದು.

ಶಾಲೆಯಲ್ಲಿ ಹುಡುಕಿದಾಗ ಒಂದು ಬಾಟಲಿ ಸಿಕ್ಕಿತು. ಮಕ್ಕಳು ಕೈ ತೊಳೆಯುವ ನಲ್ಲಿಗಳ ಪಕ್ಕದ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದರು. ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ, ನೀರಿನ ಕಂಪನಿಯ ಲೇಬಲ್ ಹಾಗೇ ಇದೆ. ಒಳಗೆ ಅಡುಗೆ ಎಣ್ಣೆಯ ಬಣ್ಣದ ದ್ರವ, ಕಾಲು ಭಾಗ. ಮುಚ್ಚಳ ತೆಗೆದರೆ ಸೀಮೆಎಣ್ಣೆಯಂಥ ಘಾಟು. ಅದನ್ನು ನೋಡಿ ನನ್ನ ಕೈಕಾಲು ತಣ್ಣಗಾಯಿತು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಶಾಲೆಯ ಬಿಸಿಯೂಟ ತಿಂದು 23 ಮಕ್ಕಳು ತೀರಿಹೋದರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ಕೀಟನಾಶಕ ಇತ್ತು. ಲೇಬಲ್ ಇಲ್ಲದ ವಿಷ ಶಾಲೆಯೊಳಗೆ ಇರಲೇಬಾರದು. ಈ ವಿಷಯದಲ್ಲಿ ನಾನು ಯಾವ ರಾಜಿಗೂ ತಯಾರಿಲ್ಲ.

ಆಮೇಲೆ ಸಮಿತಿಯವರು ಕೂತು ಆ್ಯಪ್‌ನ ಇಡೀ ವರ್ಷದ ದಾಖಲೆ ತೆಗೆದೆವು. ಪ್ರತಿ ತಿಂಗಳೂ ಒಂದೇ ಸಾಲು: "ಜನರಲ್ ಪೆಸ್ಟ್ ಕಂಟ್ರೋಲ್, ಮುಗಿದಿದೆ." ಏನು ಕಂಡಿತು, ಎಲ್ಲಿ ಕಂಡಿತು, ಯಾವ ಔಷಧಿ, ಎಷ್ಟು ಹಾಕಿದರು, ಯಾರು ಹೊಡೆದರು, ಏನೂ ಇಲ್ಲ. ಬೇಸಿಗೆ ರಜೆಯ ಮೇ ತಿಂಗಳಲ್ಲೂ ಎಲ್ಲಾ ಕೋಣೆಗೂ ಟಿಕ್. ದಸರಾ ರಜೆಯಲ್ಲೂ ಟಿಕ್. ವಾಚ್‌ಮನ್ ಕಾಕಾನನ್ನು ಕೇಳಿದರೆ, "ಮೇ ತಿಂಗಳಾಗ ಎಲ್ಲಾ ಖೋಲಿಗೂ ಕೀಲಿ ಹಾಕಿತ್ರಿ ಅಕ್ಕಾರ. ಕೀಲಿಕೈ ನನ್ನ ಹಂತೇಕ ಇತ್ತು. ಯಾರೂ ಬಂದಿಲ್ರಿ" ಅಂದ. ಸ್ಟಿಕ್ಕರ್‌ಗಳ ಫೋಟೋ ಮೊದಲೇ ಫೋನಿನಲ್ಲಿ ಇಟ್ಟುಕೊಂಡು, ಕೂತಲ್ಲೇ ಸ್ಕ್ಯಾನ್ ಮಾಡಿದ್ದರು.

ಇಷ್ಟೆಲ್ಲಾ ಆದರೂ ಜಿರಳೆ ಹೋಗಿದ್ದವಾ? ಅದೂ ಇಲ್ಲ. ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದ ಪರಿಚಯದವರೊಬ್ಬರು ಒಂದು ಟಾರ್ಚು, ಒಂದಿಷ್ಟು ಅಂಟು ಕಾರ್ಡು ಹಿಡಿದುಕೊಂಡು ಬಂದರು. ಸಂಜೆ ಕ್ಲಾಸುಗಳಲ್ಲಿ, ಆಫೀಸಿನಲ್ಲಿ, ಶೌಚಾಲಯದಲ್ಲಿ, ಕ್ಯಾಂಟೀನಿನಲ್ಲಿ ಒಂದೊಂದು ಕಾರ್ಡು ಇಟ್ಟು, ಪ್ರತಿಯೊಂದರ ಮೇಲೂ ಜಾಗ ಮತ್ತು ತಾರೀಕು ಬರೆದರು. ಬೆಳಿಗ್ಗೆ ನೋಡಿದರೆ ಕ್ಲಾಸುಗಳ ಕಾರ್ಡು ಖಾಲಿ. ಕ್ಯಾಂಟೀನಿನ ಸಿಂಕ್ ಕೆಳಗಿನ ಕಾರ್ಡಿನಲ್ಲಿ ಕೈ ಇಡಲು ಜಾಗ ಇರಲಿಲ್ಲ. ಬಹುತೇಕ ಸಣ್ಣ ಸಣ್ಣ ಮರಿಗಳು. ಒಂದು ಹೆಣ್ಣಿನ ಹಿಂದೆ ಕಂದು ಬಣ್ಣದ ಮೊಟ್ಟೆ ಚೀಲ ಇನ್ನೂ ಅಂಟಿಕೊಂಡೇ ಇತ್ತು.

ಅವರು ಹೇಳಿದ್ದು ಇಷ್ಟು. ಅಡುಗೆಮನೆಯ ಈ ಸಣ್ಣ ಜಿರಳೆಯ ಒಂದು ಚೀಲದಲ್ಲಿ 30ರಿಂದ 40 ಮೊಟ್ಟೆ ಇರುತ್ತವೆ. ಔಷಧಿ ಆ ಚೀಲದ ಒಳಗೆ ಇಳಿಯುವುದಿಲ್ಲ. ತಾಯಿ ಸತ್ತರೂ ಮರಿ ಹೊರಬರಬಹುದು. ಪೈರಿಥ್ರಾಯ್ಡ್ ಹೊಡೆದರೆ ಉಳಿದವು ಹೆದರಿ ಗೋಡೆ ಸಂದಿಯೊಳಗೆ ಸೇರುತ್ತವೆ. ಜೆಲ್, ಅಂದರೆ ಜಿರಳೆ ತಿಂದು ಸಾಯಲಿ ಅಂತ ಇಡುವ ವಿಷದ ಅಂಟು, ಇಟ್ಟ ಜಾಗಕ್ಕೆ ಮತ್ತೆ ಸ್ಪ್ರೇ ಹೊಡೆದರೆ ಜಿರಳೆ ಜೆಲ್ ಮುಟ್ಟುವುದೂ ಇಲ್ಲ. ಅಂದರೆ ಜಿರಳೆಯೇ ಇಲ್ಲದ ಕ್ಲಾಸುಗಳಿಗೆ ವರ್ಷವಿಡೀ ವಿಷ ಹೊಡೆದಿದ್ದರು. ಜಿರಳೆ ಇದ್ದ ಜಾಗದಲ್ಲಿ ತೊಟ್ಟಿಕ್ಕುವ ಪೈಪು, ಗೋಡೆಗೆ ಒತ್ತಿಟ್ಟ ರಟ್ಟಿನ ಡಬ್ಬಿಗಳು, ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು, ಎಲ್ಲಾ ಹಾಗೇ ಇತ್ತು. ಪ್ಲಂಬರ್ ಬಂದು ಪೈಪು ಸರಿ ಮಾಡಿದ, ಬಾಗಿಲಿಗೆ ರಬ್ಬರ್ ಪಟ್ಟಿ, ಮೋರಿಗೆ ಜಾಲರಿ ಬಂತು. ಸಿಂಕ್ ಕೆಳಗೆ, ಕಪಾಟಿನ ಹಿಂಜಿನಲ್ಲಿ ಜೆಲ್‌ನ ಸಣ್ಣ ಚುಕ್ಕೆಗಳನ್ನಿಟ್ಟರು. ಕಾರ್ಡಿನ ಲೆಕ್ಕ ವಾರ ವಾರ ಇಳಿಯಿತು. ಸಮಗ್ರ ಕೀಟ ನಿರ್ವಹಣೆ ಅಂದರೆ ಇದೇ. ಮೊದಲು ನೋಡು, ಲೆಕ್ಕ ಇಡು, ದಾರಿ ಮುಚ್ಚು, ಬೇಕಾದ ಜಾಗಕ್ಕೆ ಬೇಕಾದಷ್ಟೇ ಔಷಧಿ ಇಡು.

ವೇಳಾಪಟ್ಟಿಯೂ ಹುಳುವನ್ನು ನೋಡಿ ಇರಬೇಕು, ಕಂಪನಿಯ ಬಿಲ್ಲಿನ ತಾರೀಕು ನೋಡಿ ಅಲ್ಲ. ಗೆದ್ದಲಿನ ಕೆಲಸ, ಬಿರುಕು ಮುಚ್ಚುವುದು ಬೇಸಿಗೆ ರಜೆಯಲ್ಲೇ ಮುಗಿಯಬೇಕು, ಮಕ್ಕಳು ಬರುವುದಕ್ಕೆ ಸಾಕಷ್ಟು ಮುಂಚೆ. ಡೆಂಗಿ ಸೊಳ್ಳೆಗೆ ತಿಂಗಳಿಗೊಮ್ಮೆ ನೋಡಿದರೆ ಏನೂ ಉಪಯೋಗವಿಲ್ಲ. ನೀರಿನಲ್ಲಿ ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರಲು ಅದಕ್ಕೆ ವಾರ, ಹತ್ತು ದಿನ ಸಾಕು. ನಮ್ಮ ಅವಳಿ ನಗರದ ನೀರಿನ ಕಥೆ ನಿಮಗೆ ಗೊತ್ತೇ ಇದೆ. ನಲ್ಲಿ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ, ಹಾಗಾಗಿ ಶಾಲೆಗಳಲ್ಲೂ ಡ್ರಮ್ಮು, ಸಿಂಟೆಕ್ಸು, ಸಂಪು. ಅವುಗಳ ಮುಚ್ಚಳ ಬಿಗಿ ಇದೆಯಾ ಅಂತ ವಾರಕ್ಕೊಮ್ಮೆ ನೋಡಿ, ಖಾಲಿ ಮಾಡಿ ತಿಕ್ಕುವವರು ಯಾರು ಅನ್ನುವುದು ಪಟ್ಟಿಯಲ್ಲಿ ಹೆಸರಿನ ಸಮೇತ ಇರಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶಾಲೆಗಳಿಗೆಂದೇ 2000ದಲ್ಲಿ ಮಾಡಿದ ಕಾನೂನು ಇದೆ. ಸ್ಪ್ರೇ ಹೊಡೆಯುವ 24 ಗಂಟೆ ಮುಂಚೆ ಆ ಜಾಗದಲ್ಲಿ ಬೋರ್ಡು ಹಾಕಬೇಕು, ಹೊಡೆದ ಮೇಲೆ 72 ಗಂಟೆ ಅದು ಅಲ್ಲೇ ಇರಬೇಕು. ಬಳಸಿದ್ದರ ದಾಖಲೆಯನ್ನು ನಾಲ್ಕು ವರ್ಷ ಇಡಬೇಕು. ನಮ್ಮ ಶಾಲೆಗಳು ಇದನ್ನು ತಾವಾಗಿಯೇ ಮಾಡಬಹುದು, ಒಂದು ರಟ್ಟಿನ ಬೋರ್ಡಿಗೆ ದುಡ್ಡೇನೂ ಬೇಕಿಲ್ಲ ಅಲ್ವಾ?

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳ ಪ್ರಕಾರ ಬಾಡಿಗೆಗೆ ಔಷಧಿ ಹೊಡೆಯುವ ಕಂಪನಿಗೆ ಪರವಾನಗಿ ಬೇಕು. ಅದನ್ನು ಕೊಡುವುದು ಕೃಷಿ ಇಲಾಖೆ. ತರಬೇತಿ ಪಡೆದವರು ಇರಬೇಕು. ಗುತ್ತಿಗೆಗೆ ಸಹಿ ಹಾಕುವ ಮೊದಲು ಪರವಾನಗಿಯ ಪ್ರತಿ ಕೇಳಿ, ತಾರೀಕು ಮುಗಿದಿದೆಯಾ ನೋಡಿ. ಔಷಧಿಯ ಡಬ್ಬಿ ನಿಮ್ಮ ಕಣ್ಣೆದುರೇ ಒಡೆಯಲಿ. ಡಬ್ಬಿಯ ಮೇಲೆ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಅಂದರೂ ವಿಷವೇ. "ಹರ್ಬಲ್" ಅಂದರೆ ನಂಬಬೇಡಿ, ಲೇಬಲ್ ತೋರಿಸಿ ಅನ್ನಿ. ಡೈಕ್ಲೋರ್ವಾಸ್ ಎಂಬ ಹೆಸರು ಕಂಡರೆ ಹೊರಗೆ ಕಳಿಸಿ, 2020ರ ಕೊನೆಗೆ ದೇಶದಲ್ಲಿ ಅದರ ಬಳಕೆಯನ್ನೇ ನಿಲ್ಲಿಸಲಾಗಿದೆ. ಕಾಳು-ಅಕ್ಕಿಯ ಕೋಣೆಗೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡೋಣ ಅಂದರೆ ಖಡಾಖಂಡಿತವಾಗಿ ಬೇಡ ಅನ್ನಿ. ಅದರಿಂದ ಬರುವ ಗ್ಯಾಸು ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ.

ನಮ್ಮ ಶಾಲೆ ಆ ಗುತ್ತಿಗೆ ರದ್ದು ಮಾಡಿದೆ. ಈಗ ಆಫೀಸಿನಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಯಾವ ಪಾಲಕರು ಬೇಕಾದರೂ ತೆಗೆದು ನೋಡಬಹುದು. ಆ ಹಳೇ ಕಂಪನಿ ಮಾತ್ರ ಇನ್ನೂ ಬೇರೆ ಶಾಲೆಗಳ ಬಾಗಿಲಿಗೆ ಸ್ಟಿಕ್ಕರ್ ಅಂಟಿಸುತ್ತಿದೆ ಅಂತ ಕೇಳಿದ್ದೇನೆ, ಅದಕ್ಕೇ ಇಷ್ಟು ಉದ್ದ ಬರೆದೆ.

ನಿಮ್ಮ ಶಾಲೆಯಲ್ಲಿ ಇಂಥದ್ದು ಆಗಿಬಿಟ್ಟರೆ ಮೊದಲು ಮಕ್ಕಳನ್ನು ಹೊರಗೆ ಗಾಳಿಗೆ ಕರೆತನ್ನಿ. ಬಟ್ಟೆಗೆ ತಾಗಿದ್ದರೆ ಬಟ್ಟೆ ಬಿಚ್ಚಿಸಿ, ಮೈಯನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಣ್ಣಿಗೆ ಬರೀ ಶುದ್ಧ ನೀರು, ತುಂಬಾ ಹೊತ್ತು. ಬಾಯಿಗೆ ಹೋಗಿದೆ ಅನಿಸಿದರೂ ಬಲವಂತವಾಗಿ ವಾಂತಿ ಮಾಡಿಸಬೇಡಿ. ಜೊಲ್ಲು ಸುರಿಯುವುದು, ಬೆವರು, ಉಸಿರಾಟದ ತೊಂದರೆ ಕಂಡರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಡಬ್ಬಿಯ ಲೇಬಲ್‌ನ ಫೋಟೋ ತೆಗೆದುಕೊಂಡೇ ಆಸ್ಪತ್ರೆಗೆ ಹೋಗಿ.